ಬಾಗಿಲಿನ ಕೆಳಗೆ ಪೇಂಟ್ ಗುಳ್ಳೆ ಎದ್ದಿದೆ, ಯಾವ ಪುಟ್ಟಿ ಹಚ್ಚಲಿ?

ಪ್ರಶ್ನೆ: ನಮಸ್ಕಾರ ಸರ್. ಅಪ್ಪನ ಕಾಲದ ಕಾರು, ಮಾರಲು ಮನಸ್ಸಿಲ್ಲ. ಹಿಂದಿನ ಬಾಗಿಲಿನ ಕೆಳ ಅಂಚಿನಲ್ಲಿ ಗುಳ್ಳೆ ಎದ್ದಿದೆ. ಹೋದ ವರ್ಷ ಅದೇ ಜಾಗವನ್ನು ನಾನೇ ಉಜ್ಜಿ, ಪುಟ್ಟಿ ಹಚ್ಚಿ, ಡಬ್ಬಿ ಸ್ಪ್ರೇ ಹೊಡೆದಿದ್ದೆ. ಎಂಟೇ ತಿಂಗಳಿಗೆ ಮತ್ತೆ ಬಂತು. ಯಾವ ಪುಟ್ಟಿ ಒಳ್ಳೆಯದು?

ಉತ್ತರ: ಪುಟ್ಟಿಯನ್ನು ಬೈಯಬೇಡಿ. ಆ ಜಾಗದಲ್ಲಿ ಗುಳ್ಳೆ ಬಂದರೆ ಸಾಮಾನ್ಯವಾಗಿ ತುಕ್ಕು ಒಳಗಿನಿಂದ ತಿನ್ನುತ್ತಾ ಬಂದಿರುತ್ತದೆ. ಕಿಟಕಿ ಗಾಜಿನ ರಬ್ಬರ್ ಸಂದಿಯಿಂದ ನೀರು ಬಾಗಿಲೊಳಗೆ ಇಳಿಯುವುದು ಸಹಜ; ಅದು ಹೊರಬೀಳಲೆಂದೇ ತಳದಲ್ಲಿ ಸಣ್ಣ ತೂತುಗಳಿವೆ. ಮಣ್ಣು, ಎಲೆಪುಡಿ ಕೂತು ಅವು ಮುಚ್ಚಿದರೆ, ಹೊರ ತಗಡನ್ನು ಮಡಚಿದ ಅಂಚಿನಲ್ಲಿ ನೀರು ನಿಂತೇ ಇರುತ್ತದೆ. ಮೊದಲು ತಂತಿ ತೂರಿಸಿ ತೂತು ಬಿಡಿಸಿ. ಮೇಲಿಂದ ಒಂದು ಚೊಂಬು ನೀರು ಹುಯ್ದು, ಸರಾಗವಾಗಿ ಇಳಿಯುತ್ತದೆಯೇ ನೋಡಿ. ಎಷ್ಟೋ ಜನ ಇದನ್ನು ಬಿಟ್ಟು ಪೇಂಟ್ ಬಣ್ಣ ಹೊಂದಿಸುವುದಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ!

ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ತಗಡು ಗಟ್ಟಿಯಿದ್ದರೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, 80ರ ಉಪ್ಪುಕಾಗದ (ಸ್ಯಾಂಡ್‌ಪೇಪರ್) ಸಾಕು. ಸಣ್ಣ ಗುಂಡಿಗಳಲ್ಲಿ ಉಳಿದ ಕಪ್ಪು ಚುಕ್ಕೆಗೆ ಮಾತ್ರ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರವ) ಹಚ್ಚಿ. ಉದುರುವ ತುಕ್ಕಿನ ಮೇಲೆ ಅದನ್ನು ಬಳಿದರೆ ಪ್ರಯೋಜನವಿಲ್ಲ. ಅದರ ಮೇಲೆ ಎಪಾಕ್ಸಿ ಪ್ರೈಮರ್ (ತೇವ ತಡೆಯುವ ಅಡಿಬಣ್ಣ), ನಂತರವೇ ಪುಟ್ಟಿ. ಪುಟ್ಟಿ ತೇವ ಹೀರುತ್ತದೆ, ಬರೀ ತಗಡಿಗೆ ಹಚ್ಚಿದರೆ ಆ ತೇವ ನೇರ ಕಬ್ಬಿಣಕ್ಕೆ. ದಪ್ಪ 2–3 ಮಿ.ಮೀ. ದಾಟದಿರಲಿ.

ಪ್ರಶ್ನೆ: ಚುಚ್ಚಿದೆ ಸರ್. ಎರಡು ಕಡೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಫೈಬರ್ ಬಟ್ಟೆ ಅಂಟಿಸಿ ಮುಚ್ಚಬಹುದೇ?

ಉತ್ತರ: ಮುಚ್ಚಬಹುದು, ಸ್ವಲ್ಪ ದಿನ ಕಣ್ಣಿಗೆ ಚೆನ್ನಾಗಿರುತ್ತದೆ. ಸರಿಯಾದ ಕೆಲಸವೆಂದರೆ ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಬೆಸೆಯುವುದು. ಈ ತಗಡು ಸುಮಾರು 0.8 ಮಿ.ಮೀ. ಇರುತ್ತದೆ, ಕಡ್ಡಿ ವೆಲ್ಡಿಂಗ್‌ನಲ್ಲಿ ತೂತು ದೊಡ್ಡದಾಗುವುದೇ ಹೆಚ್ಚು. ಮಿಗ್ ವೆಲ್ಡಿಂಗ್ (ಗನ್‌ನಿಂದ ತಂತಿ ತಾನೇ ಬರುವ ವೆಲ್ಡಿಂಗ್) ಆದರೆ ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ, ಆರಲು ಬಿಟ್ಟು ಮತ್ತೆ. ಒಂದೇ ಗೆರೆ ಎಳೆದರೆ ಬಾಗಿಲು ಹಪ್ಪಳದಂತೆ ಸೊಟ್ಟಗಾಗುತ್ತದೆ. ವೆಲ್ಡಿಂಗ್ ರೂಢಿಯಿಲ್ಲದಿದ್ದರೆ ಬಾಗಿಲನ್ನು ಬಿಚ್ಚಿ ಒಯ್ದು ಮಾಡಿಸಿ, ಉಜ್ಜುವುದು ಬಳಿಯುವುದು ನೀವು ಮಾಡಿ. ಕಾರಿನಲ್ಲೇ ಬೆಸೆಯುವುದಾದರೆ ಬ್ಯಾಟರಿ ಕಳಚಿ, ಒಳಗಿನ ಕಾರ್ಪೆಟ್, ಫೋಮ್ ತೆಗೆದು, ಬೆಂಕಿ ಆರಿಸುವ ಸಾಧನ ಕೈಗೆಟುಕುವಂತೆ ಇಡಿ.

ಇನ್ನೊಬ್ಬರ ಪ್ರಶ್ನೆ: ನನ್ನ ಕಾರಿನಲ್ಲಿ ಬಾಗಿಲ ಕೆಳಗಿನ ಸಿಲ್ ಹೀಗೇ ಆಗಿದೆ ಅಣ್ಣ, ಇದೇ ವಿಧಾನವೇ?

ಉತ್ತರ: ಬೇಡ. ಸಿಲ್, ಸೀಟ್ ಬೆಲ್ಟ್ ಕಚ್ಚಿರುವ ಜಾಗ, ಸಸ್ಪೆನ್ಷನ್ ಕೂರುವ ಜಾಗ ಇವೆಲ್ಲ ಗಾಡಿಯ ಬೆನ್ನೆಲುಬು. ಅಲ್ಲಿ ಕೊಳೆತಿದ್ದರೆ ಬಾಡಿ ಕೆಲಸದವರ ಕೈಗೆ ಕೊಡಿ.

ಪ್ರಶ್ನೆ: ಕೊನೆಯದಾಗಿ, ಹಾರ್ಡನರ್ ಬೆರೆಸುವ ಪೇಂಟ್ ಅನ್ನು ಮನೆಯಲ್ಲೇ ಹೊಡೆಯಬಹುದೇ?

ಉತ್ತರ: ಅದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಉಬ್ಬಸ ತರಿಸುತ್ತದೆ. ಧೂಳಿನ ಮಾಸ್ಕ್ ತಡೆಯುವುದಿಲ್ಲ. ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಇಲ್ಲದಿದ್ದರೆ ಪೇಂಟ್ ಕೆಲಸದವರ ಕೈಲಿ ಹೊಡೆಸಿ. ಪೇಂಟ್ ಒಣಗಿದ ಮೇಲೆ ಬಾಗಿಲೊಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ, ಆದರೆ ನೀರಿನ ತೂತು ಮತ್ತೆ ಮುಚ್ಚದಂತೆ ನೋಡಿಕೊಳ್ಳಿ. ಅಂದಹಾಗೆ, ಉಳಿದ ಬಾಗಿಲುಗಳಿಗೂ ತಂತಿ ಹಾಕಿದಿರಾ?

ಪ್ರಶ್ನೆ ಕೇಳಿದವರು: ಈಗ ಹಾಕಿದೆ ಸರ್. ಎಡಗಡೆ ಮುಂದಿನದರಿಂದ ಅರ್ಧ ಚೊಂಬು ಕೆಸರುನೀರು ಬಂತು.