ಹೊಸ ಕರ್ನಲ್ ಗ್ರಬ್ ಮೆನುವಿನಲ್ಲಿ ಬರುತ್ತೆ, ಆದ್ರೆ ಬೂಟ್ ಆಗಲ್ಲ

ತುಂಗಾತೀರ:
ಡೆಬಿಯನ್ 12 ಲಿನಕ್ಸ್, ಎನ್‌ವಿಎಂಇ ಡಿಸ್ಕ್. ಡ್ರೈವರ್ ಬರೆಯೋದು ಕಲಿಯೋಣ ಅಂತ ಕರ್ನಲ್ (ಲಿನಕ್ಸ್‌ನ ತಿರುಳು) 6.12ರ ಸೋರ್ಸ್ ಇಳಿಸಿ, ಈಗಿರೋ ಕರ್ನಲ್‌ನ ಕಾನ್ಫಿಗ್ ಫೈಲನ್ನೇ ಇಟ್ಟು ಕಂಪೈಲ್ ಮಾಡಿದೆ. ಮೇಕ್ ಇನ್‌ಸ್ಟಾಲ್ ಕೊನೆಗೆ ಏನೋ ಎರರ್ ಬಂತು, ಅಪ್‌ಡೇಟ್-ಗ್ರಬ್ ನಾನೇ ಓಡಿಸಿದೆ (ಗ್ರಬ್ ಅಂದ್ರೆ ಬೂಟ್ ಆಗೋವಾಗ ಕರ್ನಲ್ ಆರಿಸೋ ಪ್ರೋಗ್ರಾಮ್). ಮೆನುವಿನಲ್ಲಿ 6.12 ಆರಿಸಿದ್ರೆ ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್ 0,0’ ಅಂತ ಪ್ಯಾನಿಕ್ ಆಗಿ ಕರ್ನಲ್ ನಿಂತುಬಿಡುತ್ತೆ. ಹಳೇ 6.1 ಚೆನ್ನಾಗೇ ಬೂಟ್ ಆಗುತ್ತೆ. ಗ್ರಬ್‌ನಲ್ಲಿ ಏನು ಬದಲಾಯಿಸಬೇಕು?

ಕಪ್ಪುತೆರೆ:
ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ. ಸಹಿ ಇಲ್ಲದ ಕರ್ನಲ್‌ನ ಅದು ಬಿಡಲ್ಲ.

ಹಳೇಕೀಲಿ:
ಬೇಡ, ಅದನ್ನ ಮುಟ್ಟಬೇಡಿ. ಸೆಕ್ಯೂರ್ ಬೂಟ್ ತಡೆದಿದ್ರೆ ಗ್ರಬ್‌ನಲ್ಲೇ ‘ಬ್ಯಾಡ್ ಶಿಮ್ ಸಿಗ್ನೇಚರ್’ ಅಂತ ನಿಲ್ತಿತ್ತು. ಇಲ್ಲಿ ಪ್ಯಾನಿಕ್ ಸಂದೇಶ ಕೊಟ್ಟಿದ್ದೇ ನಿಮ್ಮ ಕರ್ನಲ್. ಅಂದ್ರೆ ಅದು ಶುರುವಾಗಿದೆ.

0,0 ಅಂದ್ರೆ ಅದಕ್ಕೆ ಡಿಸ್ಕೇ ಕಾಣ್ತಿಲ್ಲ. ಡೆಬಿಯನ್ ಕಾನ್ಫಿಗ್‌ನಲ್ಲಿ ಎನ್‌ವಿಎಂಇ ಡ್ರೈವರ್ ಮಾಡ್ಯೂಲ್ ಆಗಿರುತ್ತೆ, ಅಂದ್ರೆ ಕರ್ನಲ್ ಒಳಗಿಲ್ಲದೆ ಬೇರೆ ಫೈಲ್ ಆಗಿ. ಮಾಡ್ಯೂಲ್ ಇರೋದು ಡಿಸ್ಕ್‌ನಲ್ಲಿ, ಡಿಸ್ಕ್ ಓದೋಕೆ ಆ ಮಾಡ್ಯೂಲೇ ಬೇಕು. ಈ ಗಂಟು ಬಿಡಿಸೋಕೇ, ಬೇಕಾದ ಮಾಡ್ಯೂಲ್‌ಗಳನ್ನ ತುಂಬಿ ಗ್ರಬ್ ಮೊದಲೇ ಮೆಮೊರಿಗೆ ಏರಿಸೋ ಫೈಲ್ ಆದ ಇನಿಟ್‌ರಾಮ್‌ಎಫ್‌ಎಸ್ ಇರೋದು. ಮೆನುವಿನಲ್ಲಿ 6.12 ಮೇಲೆ ನಿಂತು ‘ಇ’ ಒತ್ತಿ. ‘ಲಿನಕ್ಸ್’ ಸಾಲಿನ ಕೆಳಗೆ ‘ಇನಿಟ್‌ಆರ್‌ಡಿ’ ಸಾಲು (ಆ ಫೈಲ್ ಏರಿಸೋದು) ಇದೆಯಾ? /ಬೂಟ್‌ನಲ್ಲಿ ಜಾಗ ಎಷ್ಟಿದೆ?

ತುಂಗಾತೀರ:
ಆ ಸಾಲೇ ಇಲ್ಲ ಸರ್. /ಬೂಟ್ ಬೇರೆ ಪಾರ್ಟಿಷನ್, 488 ಎಂಬಿ. ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿದ್ರೆ ‘ನೋ ಸ್ಪೇಸ್ ಲೆಫ್ಟ್’ ಅನ್ನುತ್ತೆ.

ಹಳೇಕೀಲಿ:
ಹಾಗಿದ್ರೆ ಮೊದಲು ಬಂದ ಎರರೂ ಇದೇ. ಆ ಕಾನ್ಫಿಗ್‌ನಲ್ಲಿ ಡೀಬಗ್ ಮಾಹಿತಿ ಆನ್ ಇರುತ್ತೆ, ಮಾಡ್ಯೂಲ್‌ಗಳು ಊದಿಕೊಂಡು ಇನಿಟ್‌ರಾಮ್‌ಎಫ್‌ಎಸ್ ನೂರಾರು ಎಂಬಿ ಆಗುತ್ತೆ. ಮತ್ತೆ ಕಂಪೈಲ್ ಬೇಕಿಲ್ಲ. ‘ಮೇಕ್ ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1 ಮಾಡ್ಯೂಲ್ಸ್_ಇನ್‌ಸ್ಟಾಲ್’ ಕೊಡಿ; ಅದು ಡೀಬಗ್ ಮಾಹಿತಿ ಕಿತ್ತು ಮಾಡ್ಯೂಲ್ ಹಾಕುತ್ತೆ; ವೇರಿಯಬಲ್ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿರಲಿ. ಆಮೇಲೆ ಮೇಕ್ ಇನ್‌ಸ್ಟಾಲ್. ಇನಿಟ್‌ರಾಮ್‌ಎಫ್‌ಎಸ್, ಗ್ರಬ್ ಮೆನು ಎರಡನ್ನೂ ಅದೇ ಮಾಡಿಕೊಳ್ಳುತ್ತೆ.

ತುಂಗಾತೀರ:
ಬೂಟ್ ಆಯ್ತು ಸರ್! ಯುನೇಮ್ 6.12 ಅಂತ ತೋರಿಸ್ತಿದೆ. ತುಂಬಾ ಥ್ಯಾಂಕ್ಸ್. ಇನ್ನು 6.1 ತೆಗೆದು ಜಾಗ ಮಾಡಿಕೊಳ್ಳಲಾ?

ಹಳೇಕೀಲಿ:
ದಯವಿಟ್ಟು ತೆಗೀಬೇಡಿ. ಡ್ರೈವರ್ ಕಲಿಯೋವಾಗ ಕರ್ನಲ್ ಕೆಡೋದು ಸಹಜ, ಆಗ ಕೈ ಹಿಡಿಯೋದು ಅದೇ. ಇನ್ನೂ ಒಳ್ಳೇದು ಅಂದ್ರೆ 6.1 ಅನ್ನೇ ಡೀಫಾಲ್ಟ್ ಮಾಡಿ. /ಇಟಿಸಿ/ಡೀಫಾಲ್ಟ್/ಗ್ರಬ್‌ನಲ್ಲಿ ಗ್ರಬ್_ಡೀಫಾಲ್ಟ್=ಸೇವ್ಡ್ ಬರೆದು ಅಪ್‌ಡೇಟ್-ಗ್ರಬ್, ನಂತರ ಗ್ರಬ್-ಸೆಟ್-ಡೀಫಾಲ್ಟ್ "1>2". ಎರಡೇ ಕರ್ನಲ್ ಇದ್ದಾಗ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ 6.1 ಇರೋದು ಅಲ್ಲೇ, ಎಣಿಕೆ ಸೊನ್ನೆಯಿಂದ. ಕೋಟ್ಸ್ ಬಿಟ್ರೆ ಶೆಲ್ ಆ > ಚಿಹ್ನೆ ನೋಡಿ 2 ಅನ್ನೋ ಫೈಲ್ ಮಾಡಿಬಿಡುತ್ತೆ. ಹೊಸದನ್ನ ಪರೀಕ್ಷಿಸೋವಾಗ ‘ಗ್ರಬ್-ರೀಬೂಟ್ 0’ ಕೊಟ್ಟು ರೀಸ್ಟಾರ್ಟ್ ಮಾಡಿ. ಆ ಒಂದು ಸಲಕ್ಕೆ ಮಾತ್ರ 6.12, ಕೆಟ್ಟು ನಿಂತ್ರೆ ಪವರ್ ಬಟನ್ ಒತ್ತಿ, ಮತ್ತೆ 6.1 ಬರುತ್ತೆ.