ಲಾರಿ ಕೆಟ್ಟು ನಿಂತಿದೆ, ರಾತ್ರಿ 12ಕ್ಕೆ ಇ-ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಆನ್‌ಲೈನ್ ದಾಖಲೆ) ಅವಧಿ ಮುಗಿಯುತ್ತೆ. ಏನು ಮಾಡೋದು?

ಪೀಣ್ಯ ಡಿಸ್ಪ್ಯಾಚ್:
ಪೀಣ್ಯದಿಂದ ಬೆಳಗಾವಿಗೆ ಹೊರಟ ಲೋಡು. ಟ್ಯಾಕ್ಸ್ ಬಿಟ್ಟು 6 ಲಕ್ಷ, ಜಿಎಸ್‌ಟಿ 18%. ಹಿರಿಯೂರು ಹತ್ತಿರ ಗೇರ್‌ಬಾಕ್ಸ್ ಹೋಗಿದೆ, ಸಾಮಾನು ಸಿಗದೆ ಗಾಡಿ ಅಲ್ಲೇ ಇದೆ. ಬದಲಿ ಲಾರಿ ಇನ್ನೂ ಫಿಕ್ಸ್ ಆಗಿಲ್ಲ, ಎರಡು ಚಿಕ್ಕ ಗಾಡಿಗೆ ಹಂಚಬೇಕಾಗಬಹುದು. ಮೊದಲು ಪಾರ್ಟ್-ಬಿ (ಬಿಲ್‌ನಲ್ಲಿ ಗಾಡಿ ನಂಬರ್ ಇರೋ ಭಾಗ) ಬದಲಿಸಬೇಕಾ, ಅವಧಿ ವಿಸ್ತರಿಸಬೇಕಾ? ಹೊಸ ಬಿಲ್ಲೇ ಮಾಡಿದರೆ ಆಗಲ್ವಾ?

ಲಾರಿ ಲೆಕ್ಕ:
ಹೊಸ ಬಿಲ್ ಬೇಡ ಸರ್. ಬಿಲ್ ಮಾಡಿ 24 ಗಂಟೆ ದಾಟಿದ ಮೇಲೆ ಹಳೇದು ರದ್ದಾಗಲ್ಲ. ಅವಧಿ ವಿಸ್ತರಿಸಿ. ಮುಗಿಯೋ ಹೊತ್ತಿಗೆ 8 ಗಂಟೆ ಮುಂಚೆಯಿಂದ 8 ಗಂಟೆ ಆಮೇಲಿನವರೆಗೆ ಅವಕಾಶ, ಅಂದ್ರೆ ಇವತ್ತು ಸಂಜೆ 4ರಿಂದ ನಾಳೆ ಬೆಳಿಗ್ಗೆ 8. ಬಿಲ್‌ನಲ್ಲಿ ಟ್ರಾನ್ಸ್‌ಪೋರ್ಟರ್ ಐಡಿ ಇದ್ದರೆ ಅವರ ಲಾಗಿನ್‌ನಲ್ಲೇ ಆಗಬೇಕು, ನಿಮ್ಮದರಲ್ಲಿ ಆಗಲ್ಲ. ಈಗಲೇ ಫೋನ್ ಮಾಡಿ ಹೇಳಿಡಿ.

ಬದಲಿ ಗಾಡಿ ನಂಬರ್ ಇಲ್ಲದಿದ್ದರೆ ‘ಇನ್ ಟ್ರಾನ್ಸಿಟ್’ ಆರಿಸಿ, ಲಾರಿ ನಿಂತಿರೋ ಜಾಗದ ವಿಳಾಸ, ಪಿನ್‌ಕೋಡ್, ಉಳಿದ ದೂರ ಹಾಕಿ. ಅಲ್ಲಿಂದ ಬೆಳಗಾವಿಗೆ ಸುಮಾರು 340 ಕಿ.ಮೀ. 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಎರಡು ದಿನ ಸಿಗುತ್ತೆ. ಬಿಲ್ ನಂಬರ್ ಬದಲಾಗಲ್ಲ. ಲಾರಿ ಸಿಕ್ಕ ಮೇಲೆ ಪಾರ್ಟ್-ಬಿ ಹಾಕಿ, ಆಮೇಲೆ ಗಾಡಿ ಬಿಡಿ. ಎರಡು ಗಾಡಿ ಆದರೆ ‘ಮಲ್ಟಿ ವೆಹಿಕಲ್’ ಆಯ್ಕೆಯಲ್ಲಿ ಯಾವ ಗಾಡಿಗೆ ಎಷ್ಟು ಮಾಲು ಅಂತ ತುಂಬಿ.

ಜಿಎಸ್‌ಟಿ ಮೇಜು:
ಮೇಲಿನದು ಸರಿ. ಒಂದು ಎಚ್ಚರಿಕೆ: ಬೆಳಿಗ್ಗೆ 8ರವರೆಗೆ ವಿಸ್ತರಿಸಬಹುದು ಅಂದ್ರೆ ಅಲ್ಲಿವರೆಗೆ ಹಳೇ ಬಿಲ್ ಮೇಲೆ ಓಡಿಸಬಹುದು ಅಂತಲ್ಲ. ಎಡವಟ್ಟಾಗೋದು ಇಲ್ಲೇ. ರಾತ್ರಿ 1ಕ್ಕೆ ಚೆಕಿಂಗ್‌ನಲ್ಲಿ ಸಿಕ್ಕರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 129, ಅಂದ್ರೆ ಮಾಲು, ಗಾಡಿ ತಡೆಹಿಡಿದು ದಂಡ ಹಾಕ್ತಾರೆ. ಮಾಲಿನ ಮಾಲೀಕರೇ ಮುಂದೆ ಬಂದರೂ ತೆರಿಗೆಯ 200% ದಂಡ. ನಿಮ್ಮ ಲೋಡಿಗೆ ತೆರಿಗೆ 1,08,000, ದಂಡ 2,16,000. ಆಮೇಲೆ ಅಪೀಲು ಹೋಗಬಹುದು, ಆದರೆ ಮಾಲು ಅಲ್ಲೇ ಕೊಳೀತಿರುತ್ತೆ.

ಗ್ಯಾರೇಜ್ ಬಿಲ್, ನಂಬರ್ ಪ್ಲೇಟ್ ಕಾಣೋ ಫೋಟೋ ಡ್ರೈವರ್ ಹತ್ತಿರ ಇರಲಿ.

ಪೀಣ್ಯ ಡಿಸ್ಪ್ಯಾಚ್:
ಗಡಿಬಿಡೀಲಿ ಗಾಡಿ ನಂಬರ್ ಒಂದಂಕಿ ತಪ್ಪಾದರೆ?

ಜಿಎಸ್‌ಟಿ ಮೇಜು:
ಒಂದೆರಡು ಅಂಕಿ ತಪ್ಪಾದರೆ 2018ರ ಸೆಪ್ಟೆಂಬರ್ ಸುತ್ತೋಲೆ ಪ್ರಕಾರ ಸಾವಿರ ರೂಪಾಯಿ ದಂಡ, 129 ಹಾಕುವಂತಿಲ್ಲ. ಅವಧಿ ಮುಗಿದಿರೋದು ಆ ಸುತ್ತೋಲೆಯ ಸಣ್ಣ ತಪ್ಪುಗಳ ಪಟ್ಟಿಯಲ್ಲಿಲ್ಲ.

ಲಾರಿ ಲೆಕ್ಕ:
ಮುಂದಿನ ಸಲಕ್ಕೆ: ಪೋರ್ಟಲ್ ಪಿನ್‌ಕೋಡ್ ನೋಡಿ ತೋರಿಸೋ ದೂರಕ್ಕಿಂತ 10%ವರೆಗೆ ಹೆಚ್ಚು ಹಾಕಬಹುದು. 390 ಅಂತ ತೋರಿಸಿ, ನಿಮ್ಮ ದಾರಿ ನಿಜಕ್ಕೂ 410 ಇದ್ದರೆ 410 ಅಂತಲೇ ಹಾಕಿ. ಎರಡರ ಬದಲು ಮೂರು ದಿನ ಸಿಗುತ್ತೆ.