ಅಪ್‌ಡೇಟ್: ಗ್ರಬ್ ಮೆನು ವಾಪಸ್ ಬಂತು
ಕಂಪ್ಯೂಟರಿಗೆ ಎರಡನೇ ಓಎಸ್ ಹಾಕಿದ ಮೇಲೆ ಗ್ರಬ್ ಮೆನು (ಆನ್ ಮಾಡಿದಾಗ ಯಾವ ಓಎಸ್ ಬೇಕು ಎಂದು ಕೇಳುವ ಪಟ್ಟಿ) ಮಾಯ, ಹಳೆಯ ಡೆಬಿಯನ್ 12 ಲಿನಕ್ಸ್ ಹೋಯ್ತಾ ಎಂದು ಕೇಳಿದ್ದೆನಲ್ಲ, ಸರಿಹೋಯಿತು. ಫೈಲುಗಳೆಲ್ಲ ಹಾಗೇ ಇವೆ.

ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡೆಬಿಯನ್ ಪಾರ್ಟಿಶನ್ ಮೌಂಟ್ ಮಾಡಿ, ಸಿಎಚ್‌ರೂಟ್ ಕಮಾಂಡ್ ಮೂಲಕ ಆ ಡೆಬಿಯನ್ ಒಳಗೆ ಹೋದೆ. ಗ್ರಬ್ ಮತ್ತೆ ಹಾಕಲು ಗ್ರಬ್-ಇನ್‌ಸ್ಟಾಲ್ ಕೊಟ್ಟರೆ, ಬೂಟ್ ಫೈಲುಗಳಿರುವ ಇಎಫ್‌ಐ ಡೈರೆಕ್ಟರಿ ಸಿಗುತ್ತಿಲ್ಲ ಎಂಬ ಎರರ್. ಅರ್ಧ ಗಂಟೆ ತಲೆ ಕೆರೆದುಕೊಂಡೆ. ನೋಡಿದರೆ, ಆ ಪುಟ್ಟ ಇಎಫ್‌ಐ ಪಾರ್ಟಿಶನ್ನನ್ನು ಮೌಂಟ್ ಮಾಡಲು ನಾನೇ ಮರೆತಿದ್ದೆ! ಮಾಡಿದ ಮೇಲೆ ಒಂದೇ ಸಲಕ್ಕೆ ಆಯಿತು.

ಆದರೆ ಮೆನುವಿನಲ್ಲಿ ಈಗ ಡೆಬಿಯನ್ ಮಾತ್ರ. ಗ್ರಬ್ 2.06ರಿಂದ, ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲವಂತೆ. ಗ್ರಬ್‌ನ ಡೀಫಾಲ್ಟ್ ಫೈಲಿನಲ್ಲಿ ಅದನ್ನು ಆನ್ ಮಾಡಿ, ಅಪ್‌ಡೇಟ್-ಗ್ರಬ್ ಓಡಿಸಿದೆ. ಎರಡೂ ಬಂದವು. ಫಾರ್ಮ್ಯಾಟ್ ಮಾಡಬೇಡ ಎಂದು ತಡೆದವರಿಗೆ ಒಂದು ಕಾಫಿ ಬಾಕಿ.